ವಾಸಿಲ್ ತಾತನ ತಪಾಸಣೆ

ಕೆನಡಾದ ನಮ್ಮ ಸಸ್ಕ್ಯಾಚೆವಾನಿನ ಚಳಿಯಲ್ಲಿ ಯಾರ ಕಾರು ಗುರುಗುಟ್ಟಿದರೂ ಸಾಕು, ಪಕ್ಕದ ಮನೆಯ ವಾಸಿಲ್ ತಾತ ಕಾಫಿ ಲೋಟದ ಸಮೇತ ಹಾಜರು. ಟೈರಿಗೊಂದು ಒದೆ ಕೊಡುತ್ತಾನೆ, ಆಯಿಲ್ ಕಡ್ಡಿ ಎಳೆದು ಮೂಸುತ್ತಾನೆ, ಡಿಕ್ಕಿ ತೆರೆಸಿ ಕಂಬಳಿ, ಸಲಿಕೆ, ಕಾರೊಳಗೆ ಬೆಚ್ಚಗಿರಲು ಹಚ್ಚುವ ಡಬ್ಬಿಯೊಳಗಿನ ಮೇಣದಬತ್ತಿ ಎಲ್ಲ ಇವೆಯೇ ಎಂದು ನೋಡುತ್ತಾನೆ. ಚರ್ಚಿಗೆ ಹೊರಟ ಮದುಮಗಳನ್ನೂ ಬಿಟ್ಟವನಲ್ಲ. “ಹಿಮದಲ್ಲಿ ಸಿಕ್ಕಿಕೊಂಡ್ರೆ ಸೈಲೆನ್ಸರ್ ಬಾಯಿಗೆ ತುಂಬಿದ ಹಿಮ ತೆಗಿ, ವಿಷದ ಹೊಗೆ ಒಳಗೆ ತುಂಬದ ಹಾಗೆ ಕಿಟಕಿ ಒಂಚೂರು ಇಳಿಸು, ಕಾರು ಬಿಟ್ಟು ಮಾತ್ರ ನಡೆದು ಹೋಗ್ಬೇಡ. ಹಿಮಗಾಳೀಲಿ ದಾರಿ ತಪ್ಪಿ ಸಾಯ್ತೀಯ!” ನಾನೊಮ್ಮೆ ಕೆಣಕಿದೆ: “ಎದುರಿಗೇ ಮನೆ ದೀಪ ಕಂಡ್ರೆ, ತಾತ?” “ಕಂಡ್ರೂ ಅಷ್ಟೇ,” ಎಂದವನು ಡಿಕ್ಕಿಯನ್ನು ಮೆಲ್ಲಗೆ ಮುಚ್ಚಿದ. “ನನ್ನ ತಮ್ಮಂಗೂ ಕಂಡಿತ್ತು. ಅವನು ಬರ್ತಾನೆ ಅಂತ ನಾನೇ ಹಚ್ಚಿಟ್ಟಿದ್ದ ದೀಪ ಅದು.”