ಹದಿನೈದನೇ ಪುಟದ ಬಾಗಿಲು

ಮೊದಲು ಬಂದದ್ದು ತಲೆನೋವು. ಸ್ನಾನ ಮುಗಿಸಿ ಬಂದ ನನ್ನ ತಮ್ಮ ಮಂಜು ಹಣೆ ಒತ್ತಿಕೊಂಡು ಕೂರುತ್ತಿದ್ದ. ಒಂದು ದಿನವಲ್ಲ, ಸುಮಾರು ಎರಡು ವಾರ. "ಬಿಸಿಲು ಕಣೋ, ಹೆಲ್ಮೆಟ್ಟು ಬೇರೆ," ಎಂದಿದ್ದೆ. ದಿನಾ ಬಸವೇಶ್ವರನಗರದಿಂದ ನಾಯಂಡಹಳ್ಳಿಯ ಗೋಡೌನಿಗೆ ಬೈಕಿನಲ್ಲಿ ಹೋಗಿಬರುವವನು ಅವನು. ಅವ್ವನಿಗೂ ಒಂದೆರಡು ಸಲ ಬಚ್ಚಲಿನಿಂದ ಹೊರಬರುವಾಗ ತಲೆ ಸುತ್ತಿತ್ತು. ಅದನ್ನು ಬಿಪಿಯ ತಲೆಗೆ ಕಟ್ಟಿದೆವು.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಇದನ್ನು ಈಗಲೇ ಹೇಳಿಬಿಡಬೇಕು. ಆಮೇಲೆ ಧೈರ್ಯ ಇರುವುದಿಲ್ಲ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಗ್ರಾನೈಟ್ ಕತ್ತರಿಸಿದ ಧೂಳೆಲ್ಲ ವೆಂಟಿಲೇಟರಿನಿಂದ ನಮ್ಮ ಬಚ್ಚಲಿಗೆ ಬಂದು ಬಕೆಟ್ಟಿನ ನೀರಿನ ಮೇಲೆ ಕೆನೆಯ ಹಾಗೆ ಕೂರುತ್ತಿತ್ತು. ಸಾರುವೆ ಮೇಲೆ ನಿಂತ ಗಾರೆ ಕೆಲಸದವರಿಗೆ ಒಳಗೆ ಕಾಣುತ್ತದೇನೋ ಅನ್ನುವ ಮುಜುಗರ ಬೇರೆ. ಅಟ್ಟದ ಮೇಲೆ ಮಂಜುವಿನ ಹಳೆಯ ಕಾಮಿಕ್ಸ್ ತುಂಬಿದ್ದ ರಟ್ಟಿನ ಡಬ್ಬವಿತ್ತು. ತಲೆನೋವು ಶುರುವಾಗುವುದಕ್ಕೆ ಒಂದೆರಡು ದಿನ ಮೊದಲು ಆ ಪುಸ್ತಕಗಳನ್ನು ಚೀಲಕ್ಕೆ ಸುರಿದು, ಡಬ್ಬದ ಒಂದು ಬದಿ ಕತ್ತರಿಸಿ, ವೆಂಟಿಲೇಟರಿಗೆ ಅಡ್ಡ ಹಿಡಿದು ಟೇಪು ಸುತ್ತಿದೆ. ರಟ್ಟಿನ ಮೇಲೆ ಅವನು ಚಿಕ್ಕವನಿದ್ದಾಗ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ: ಮಂಜುವಿನ ಪುಸ್ತಕಗಳು. ಮುಟ್ಟಬಾರದು. ಆ ಬದಿಯನ್ನೇ ಒಳಮುಖವಾಗಿ ಹಾಕಿದೆ, ಅವನು ನಗಲಿ ಅಂತ.

ನಕ್ಕ. "ಬಚ್ಚಲಿಗೂ ನನ್ನ ಹೆಸರೇ ಇಟ್ಬಿಟ್ಯಲ್ಲ ಕಣೇ," ಎಂದ.

ಅದೇ ಬಚ್ಚಲಿನ ಗೋಡೆಯ ಮೇಲೆ ಗ್ಯಾಸ್ ಗೀಸರ್ ಇತ್ತು.

ಆ ಭಾನುವಾರ ಬೆಳಿಗ್ಗೆ ಮಂಜು ಚೀಲದಿಂದ ಒಂದು ಪುಸ್ತಕ ಎತ್ತಿಕೊಂಡು ಸ್ನಾನಕ್ಕೆ ಹೊರಟ. ಕ್ಯಾಪ್ಟನ್ ಕೇದಾರನ ಸಮುದ್ರ ಸಾಹಸಗಳ ಸರಣಿಯ "ಏಳನೇ ದೀಪಸ್ತಂಭ". ಬಕೆಟ್ಟಿಗೆ ಬಿಸಿನೀರು ಬಿಟ್ಟು, ಕಮೋಡಿನ ಮೇಲೆ ಕೂತು ಓದುವುದು ಅವನ ಹಳೇ ಚಾಳಿ.

"ನಿಮ್ಮಪ್ಪ ಇದ್ದಿದ್ರೆ ಬೆನ್ನಿಗೆ ಎರಡು ಬೀಳ್ತಿತ್ತು ನಿಂಗೆ," ಎಂದಳು ಅವ್ವ.

"ಅದಕ್ಕೇ ಅವ್ವ, ಆಗ ಅರ್ಧಕ್ಕೇ ನಿಲ್ಸಿ ಈಚೆ ಬರ್ತಿದ್ದೆ. ಈಗ ಪೂರ್ತಿ ಓದ್ಕೊಂಡೇ ಬರ್ತೀನಿ."

ನಾನು ದೋಸೆ ಹುಯ್ಯುತ್ತಿದ್ದೆ. ಅವ್ವ ಪೂಜೆಗೆ ಕೂತಳು. ಬಕೆಟ್ ತುಂಬಿ ನೀರು ಚೆಲ್ಲುವ ಸದ್ದು ಕೇಳಿಸಿತು. ಇನ್ನೊಂದು ದೋಸೆ. ಮತ್ತೊಂದು. ನೀರು ಚೆಲ್ಲುತ್ತಲೇ ಇತ್ತು.

ಹೋಗಿ ಬಾಗಿಲು ಬಡಿದೆ. ಕೂಗಿದೆ. ಒಳಗೆ ನೀರಿನ ಸದ್ದೊಂದೇ.

ಎದುರು ಮನೆಯ ಕೃಷ್ಣಪ್ಪನವರು ಓಡಿಬಂದು ಪಿವಿಸಿ ಬಾಗಿಲಿಗೆ ಒದ್ದರು. ಮೂರನೇ ಒದೆತಕ್ಕೆ ಚಿಲಕ ಕಿತ್ತು ಬಂತು. ಮಂಜು ಗೋಡೆಗೆ ಒರಗಿದ್ದ. ಮುಖ ಕೆಂಪಗೆ, ಚೆನ್ನಾಗಿ ನಿದ್ದೆ ಮಾಡಿದವನ ಮುಖದ ಹಾಗೆ. ಪುಸ್ತಕ ನೀರಿನಲ್ಲಿ ಬಿದ್ದಿತ್ತು.

ಗೀಸರಿನ ಉರಿ ಹಳದಿಯಾಗಿತ್ತು.

ಲ್ಯಾಬಿನಲ್ಲಿ ಬರ್ನರಿನ ಉರಿ ಹಳದಿಯಾದರೆ ಮಕ್ಕಳಿಗೆ ನಾನೇ ಹೇಳುತ್ತೇನೆ, ಗಾಳಿ ಸಾಲುತ್ತಿಲ್ಲ, ತೂತು ತೆರೆಯಿರಿ ಅಂತ. ಅಪೂರ್ಣ ದಹನದ ಸಮೀಕರಣವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

"ನೋಡ್ತಾ ನಿಂತ್ರೆ ಹೆಂಗಮ್ಮಾ! ಕಾಲು ಹಿಡ್ಕಳ್ಳಿ, ಈಚೆಗೆ ಎಳ್ಯನ!" ಎಂದು ಕೃಷ್ಣಪ್ಪನವರು ಗದರಿದರು. ಎಳೆದೆವು. ಗ್ಯಾಸ್ ಆರಿಸಿದೆ. ಆಮೇಲೆ, ಆಂಬುಲೆನ್ಸಿಗೆ ಫೋನ್ ಮಾಡುವುದಕ್ಕೂ ಮೊದಲು, ಒಂದು ಕೆಲಸ ಮಾಡಿದೆ. ರಟ್ಟನ್ನು ಕಿತ್ತು ಬೀರುವಿನ ಹಿಂದೆ ತುರುಕಿದೆ.

ಆಂಬುಲೆನ್ಸಿನವನು ಮಂಜುವಿನ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದ. ತೊಂಬತ್ತೆಂಟು. "ಆಕ್ಸಿಜನ್ ನಾರ್ಮಲ್ ಇದೆ ಮೇಡಂ," ಎಂದ. ನಾರ್ಮಲ್ ಇದ್ದವನು ಕಣ್ಣು ಬಿಡುತ್ತಿರಲಿಲ್ಲ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಗೀಸರ್ ಅನ್ನುವ ಮಾತು ಕೇಳಿದ್ದೇ ಮಾಸ್ಕ್ ಹಾಕಿಸಿ ರಕ್ತ ತೆಗೆಸಿದರು.

"ಆ ಮೆಷಿನ್ ನಂಬ್ಬೇಡಿ. ರಕ್ತದಲ್ಲಿರೋದು ಕಾರ್ಬನ್ ಮೋನಾಕ್ಸೈಡ್. ಅದನ್ನೂ ಅದು ಆಕ್ಸಿಜನ್ ಅಂತಲೇ ತೋರಿಸುತ್ತೆ. ಬಾತ್‌ರೂಮಿಗೆ ವೆಂಟಿಲೇಟರ್ ಇಲ್ವಾ?"

"ಇದೆ," ಎಂದೆ.

ಅಷ್ಟೇ ಹೇಳಿದೆ.

ನಾಲ್ಕನೇ ದಿನ ಡಿಸ್ಚಾರ್ಜ್ ಆಯಿತು. ಮಂಜು ನಡೆದೇ ಮನೆಯೊಳಗೆ ಬಂದ. ಕೃಷ್ಣಪ್ಪನವರನ್ನು ಕಂಡು, "ಅಂಕಲ್, ಒದ್ದಿದ್ದು ಬಾಗಿಲಿಗೋ ನಂಗೋ? ಬೆನ್ನು ಇನ್ನೂ ನೋಯ್ತಿದೆ," ಎಂದ. ಮುಂದಿನ ವಾರ ಕೆಲಸಕ್ಕೂ ಹೋದ. ಮುಗಿಯಿತು ಅಂದುಕೊಂಡೆವು. ರಟ್ಟಿನ ವಿಷಯ ಯಾರಿಗೂ ಹೇಳುವ ಅಗತ್ಯವಿಲ್ಲ ಅಂತಲೂ ಅಂದುಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಸಿಂಕಿನ ಮುಂದೆ ನಿಂತಿದ್ದ. ಬಾಯಲ್ಲಿ ಬ್ರಷ್. ಗಲ್ಲದ ಮೇಲೆ ನೊರೆ ಒಣಗಿಹೋಗಿತ್ತು. ನಲ್ಲಿ ಹರಿಯುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ. "ಮಂಜೂ," ಎಂದೆ. ತಿರುಗಿ ನೋಡಿದ. ನಂಟರ ಮನೆಯಲ್ಲಿ ಗುರುತಿಲ್ಲದವರನ್ನು ನೋಡುವಂತೆ, ಮರ್ಯಾದೆಯಿಂದ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಒದ್ದೆ ನೆಲದ ಮೇಲೆ ನಡೆಯುವವನಂತೆ ಪುಟ್ಟ ಪುಟ್ಟ ಹೆಜ್ಜೆ ಇಡತೊಡಗಿದ. ಕೂತಲ್ಲೇ ಪ್ಯಾಂಟು ಒದ್ದೆಯಾಗುತ್ತಿತ್ತು, ಅದು ಅವನಿಗೆ ತಿಳಿಯುತ್ತಿರಲಿಲ್ಲ. ಹಸಿವೆ ಎನ್ನುತ್ತಿರಲಿಲ್ಲ, ಸಾಕು ಎನ್ನುತ್ತಿರಲಿಲ್ಲ. ಏನನ್ನೂ ಕೇಳುತ್ತಿರಲಿಲ್ಲ. ಎಂಆರ್‌ಐ ಮಾಡಿಸಿದೆವು.

"ಕೆಲವರಿಗೆ ಹೀಗಾಗುತ್ತೆ," ಎಂದರು ನ್ಯೂರಾಲಜಿಸ್ಟ್. "ಪೂರ್ತಿ ವಾಸಿಯಾದ ಹಾಗೆ ಕಂಡು, ವಾರಗಳಾದ ಮೇಲೆ ಶುರುವಾಗುತ್ತೆ. ಮೆದುಳಿನ ವೈಟ್ ಮ್ಯಾಟರಿಗೆ ಪೆಟ್ಟಾಗಿದೆ. ತುಂಬ ಜನ ಸುಧಾರಿಸ್ತಾರೆ. ಎಷ್ಟು, ಯಾವಾಗ ಅಂತ ಮಾತ್ರ ಕೇಳ್ಬೇಡಿ."

ಬಚ್ಚಲಲ್ಲಿ ನೆನೆದಿದ್ದ ಆ ಪುಸ್ತಕವನ್ನು ಅವ್ವ ಟೆರೇಸಿನ ಮೇಲೆ ಒಣಹಾಕಿ ತಂದಿಟ್ಟಿದ್ದಳು. ಅದು ಉಬ್ಬಿಕೊಂಡು ಹಪ್ಪಳದಂತಾಗಿತ್ತು. ಮಂಜು ನಡುಮನೆಯ ದಿವಾನದ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದತೊಡಗಿದ. ಏರಿಳಿತವಿಲ್ಲದ ಧ್ವನಿ. ಹದಿನೈದನೇ ಪುಟದಲ್ಲಿ ಕ್ಯಾಪ್ಟನ್ ಕೇದಾರ ದೀಪಸ್ತಂಭದ ತುದಿಗೆ ಹತ್ತಿ, ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾನೆ. "ಒಳಗೆ ಯಾರಿದ್ದೀರಿ? ಬಾಗಿಲು ತೆಗೆಯಿರಿ!" ಅಲ್ಲಿಗೆ ಬಂದ ಕೂಡಲೇ ಮಂಜು ಪುಸ್ತಕ ಮುಚ್ಚಿ, ಮತ್ತೆ ಮೊದಲ ಪುಟ ತೆರೆಯುತ್ತಿದ್ದ.

ದಿನಕ್ಕೆ ಹತ್ತು ಸಲ. ಹನ್ನೆರಡು ಸಲ.

ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಡುಗೆ ಮಾಡುವಾಗ, ಅವನ ಬಟ್ಟೆ ಒಗೆಯುವಾಗ ಆ ವಾಕ್ಯ ಬರುತ್ತದೆಂದು ಮೈ ಬಿಗಿಹಿಡಿದು ಕಾಯುತ್ತಿದ್ದೆ. ಬಂದಾಗೆಲ್ಲ ಕಣ್ಣು ತಾನಾಗಿ ಬಚ್ಚಲ ಕಡೆ ತಿರುಗುತ್ತಿತ್ತು. ಆ ದಿನ ನಾನು ಏನೆಂದು ಕೂಗಿದ್ದೆ? ಬರೀ "ಮಂಜೂ, ಮಂಜೂ" ಅಂತ ಕಿರುಚಿದೆ ಎನ್ನುತ್ತಾಳೆ ಅವ್ವ. ಆದರೆ ನನ್ನ ನೆನಪಿನಲ್ಲಿ ಈಗ ಕ್ಯಾಪ್ಟನ್ನಿನ ಮಾತೇ ನನ್ನ ಬಾಯಲ್ಲಿದೆ.

ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ಅವನ ಕೈಯಲ್ಲಿ ಪುಸ್ತಕವಿರಲಿಲ್ಲ. ನೇರ ನನ್ನ ಮುಖ ನೋಡಿ ಅಂದ:

"ಒಳಗೆ ಯಾರಿದ್ದೀರಿ?"

ಬಟ್ಟಲು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. ತಮ್ಮನಿಗೆ ಹೆದರಿದ್ದು ಅದೇ ಮೊದಲು. ನಿಜ ಹೇಳಿಬಿಡಬೇಕೆಂದು ಆ ದಿನದಿಂದಲೇ ತಹತಹ ಶುರುವಾಯಿತು. ಆದರೆ ಕೇಳಿಸಿಕೊಳ್ಳಲು ಅವನು ಅಲ್ಲಿರಬೇಕಲ್ಲ.

ಬೆಳಿಗ್ಗೆ ಅವ್ವ ಹಣೆಗೆ ವಿಭೂತಿ ಹಚ್ಚಿ ಅವನ ಕೈ ಹಿಡಿದು ಪಾರ್ಕಿನಲ್ಲಿ ನಡೆಸುತ್ತಿದ್ದಳು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ನಾನು ಮಾಡಿಸುತ್ತಿದ್ದೆ. ತಿಂಗಳುಗಳು ಹೋದವು. ಹೆಜ್ಜೆ ಸ್ವಲ್ಪ ಉದ್ದವಾಯಿತು. ಪ್ಯಾಂಟು ಒದ್ದೆಯಾಗುವುದು ನಿಂತಿತು. ಓದುವುದು ಮಾತ್ರ ನಿಲ್ಲಲಿಲ್ಲ.

ಐದನೇ ತಿಂಗಳಲ್ಲಿ ಒಂದು ದಿನ ಎಂದಿನ ವಾಕ್ಯ ಬಂತು. ಬಾಗಿಲು ತೆಗೆಯಿರಿ. ಆದರೆ ಮೊದಲ ಪುಟ ಶುರುವಾಗಲಿಲ್ಲ.

"ಅಕ್ಕಾ."

ಎಷ್ಟು ದಿನವಾಗಿತ್ತು ಆ ಮಾತು ಕೇಳಿ.

"ಈ ಪುಟ ಅಂಟ್ಕೊಂಡಿದೆ ಕಣೇ. ಮುಂದೇನಾಯ್ತು ಅಂತ ಗೊತ್ತಾಗ್ತಿಲ್ಲ."

ಹೋಗಿ ನೋಡಿದೆ. ಹದಿನೈದನೇ ಪುಟದಿಂದಾಚೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಇಷ್ಟು ತಿಂಗಳು ನಾನು ಆ ಪುಸ್ತಕವನ್ನು ಮುಟ್ಟಿಯೇ ಇರಲಿಲ್ಲ, ಭಯದಿಂದ. ಮುಂದೆ ಒಂದು ಪುಟವಿದೆ ಅನ್ನುವುದೇ ಅವನಿಗೆ ಇಷ್ಟು ದಿನ ಹೊಳೆದಿರಲಿಲ್ಲ. ಇವತ್ತು ಹೊಳೆದಿತ್ತು. ಸ್ಟೀಲ್ ಸ್ಕೇಲು ತಂದು ಮೆಲ್ಲಗೆ ಬಿಡಿಸಿದೆ. ಬಣ್ಣವೆಲ್ಲ ಕಿತ್ತು ಬಂತು. ಬಾಗಿಲ ಆಚೆ ಇದ್ದದ್ದು ಬರೀ ಬಿಳಿ ನಾರು.

"ಕಾವಲುಗಾರ ಕುರ್ಚಿ ಮೇಲೇ ನಿದ್ದೆ ಹೋಗಿರ್ತಾನೆ," ಎಂದ ಮಂಜು. "ಕ್ಯಾಪ್ಟನ್ ಎಬ್ಬಿಸ್ತಾನೆ."

ಚಿಕ್ಕಂದಿನಲ್ಲಿ ನಾನೂ ಓದಿದ್ದೆ. ನನಗೆ ನೆನಪಿದ್ದಂತೆ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ದೀಪವೊಂದೇ ಉರಿಯುತ್ತಿತ್ತು. ಯಾರ ನೆನಪು ಸರಿ ಎಂದು ಹೇಳಲು ಈಗ ಪುಟವೇ ಇಲ್ಲ.

"ಹೌದು ಕಣೋ, ಎಬ್ಬಿಸ್ತಾನೆ," ಎಂದೆ. ಆಮೇಲೆ ಹೇಳಿಬಿಟ್ಟೆ. "ಮಂಜು, ವೆಂಟಿಲೇಟರ್ ಮುಚ್ಚಿದ್ದು ನಾನು."

ಅವನು ತುಂಬ ಹೊತ್ತು ಯೋಚಿಸಿದ. ಈಗ ಪ್ರತಿ ಮಾತಿಗೂ ಹಾಗೆಯೇ.

"ಗೊತ್ತು. ಅದರ ಮೇಲೆ ನನ್ನ ಹೆಸರೇ ಇತ್ತಲ್ಲ. ದಿನಾ ನೋಡ್ತಿದ್ದೆ." ಮತ್ತೆ ನಿಲ್ಲಿಸಿದ. "ನಾನೂ ತೆಗೀಲಿಲ್ಲ."

ನಾನು ಸ್ಕೇಲು ಕೆಳಗಿಟ್ಟೆ.

"ಕೆಮಿಸ್ಟ್ರಿ ಮೇಡಂ," ಎಂದ. ತುಟಿಯ ಒಂದು ಬದಿ ಮಾತ್ರ ಮೇಲೆ ಹೋಯಿತು. ನಾನು ಅತ್ತೆನೋ ನಕ್ಕೆನೋ, ಅಡುಗೆಮನೆಯಿಂದ ಅವ್ವ, "ಏನೇ ಅದು ಸದ್ದು?" ಎಂದು ಓಡಿಬಂದಳು. ಬೀರುವಿನ ಹಿಂದಿನಿಂದ ರಟ್ಟು ತೆಗೆದು, ಆದದ್ದೆಲ್ಲ ಇದರಿಂದಲೇ ಎಂದು ಅವಳಿಗೂ ಹೇಳಿದೆ. ಮುಂದಿನ ಸಲ ಹೋದಾಗ ಡಾಕ್ಟರಿಗೂ ಹೇಳಿದೆ.

ಈಗ ಆ ಗೀಸರ್ ಇಲ್ಲ. ವೆಂಟಿಲೇಟರ್ ತೆರೆದಿದೆ. ಪಕ್ಕದ ಮನೆ ಇನ್ನೂ ಮುಗಿದಿಲ್ಲ, ಬಕೆಟ್ಟಿನ ಮೇಲೆ ಬೂದು ಧೂಳು ಕೂರುತ್ತದೆ. ದಿನಾ ಒರೆಸುತ್ತೇನೆ. ಅದು ಬರುತ್ತಿದೆ ಅಂದರೆ ಗಾಳಿಯೂ ಬರುತ್ತಿದೆ. ಮಂಜು ಇನ್ನೂ ಕೆಲಸಕ್ಕೆ ಹೋಗುತ್ತಿಲ್ಲ. ಒಂದೊಂದು ದಿನ ಅವ್ವನ ಹೆಸರು ತಡವಾಗಿ ನೆನಪಾಗುತ್ತದೆ. ಆದರೆ ಉಪ್ಪು ಕಮ್ಮಿ ಎನ್ನುತ್ತಾನೆ. ಸಾಕು ಎನ್ನುತ್ತಾನೆ.

ಹೊಸ ಬಾಗಿಲಿಗೆ ಚಿಲಕ ಹಾಕಿಸಿಲ್ಲ. ಅವನು ಸ್ನಾನಕ್ಕೆ ಹೋದಾಗ ನಾನು ಹೊರಗೆ ನಿಂತಿರುತ್ತೇನೆ. ನೀರಿನ ಸದ್ದು ಸ್ವಲ್ಪ ಹೆಚ್ಚಾಯಿತು ಅನ್ನಿಸಿದರೆ ಕೂಗುತ್ತೇನೆ:

"ಒಳಗೆ ಯಾರಿದ್ದೀರಿ?"

ತಕ್ಷಣ ಉತ್ತರ ಬರುವುದಿಲ್ಲ. ನೀರು ಸುರಿಯುತ್ತಿರುತ್ತದೆ. ನನ್ನ ಕೈ ಬಾಗಿಲ ಮೇಲಿರುತ್ತದೆ.

ಆಮೇಲೆ, "ನಾನೇ ಕಣೇ," ಎನ್ನುತ್ತಾನೆ.