ಕೂರೋರು ಬರ್ಲಿ ಎನ್ನುತ್ತಿದ್ದ ಗಂಗತ್ತೆ

ಫರ್ನಿಚರ್ ಅಂಗಡಿಗೆ ಹೋಗಿ, ಅಲ್ಲಿ ಮಾರಾಟಕ್ಕಿಟ್ಟ ಮಂಚದ ಮೇಲೆ ಸೆರಗು ಹೊದ್ದು ನಿದ್ದೆ ಮಾಡಿದವರನ್ನು ನಾನು ನೋಡಿರುವುದು ಒಬ್ಬರನ್ನೇ. ಅವಳು ನನ್ನ ಸೋದರತ್ತೆ, ಗಂಗತ್ತೆ.

ನನ್ನ ತಂಗಿಯ ಮದುವೆಗೆ ಮಂಚ, ಬೀರು ಕೊಳ್ಳಲು ಅಜ್ಜಂಪುರದಿಂದ ಅಪ್ಪ, ತಂಗಿ ಮತ್ತು ನಾನು ಕಡೂರಿಗೆ ಹೋಗಿದ್ದೆವು. ಗಂಗತ್ತೆಯನ್ನು ಕೊಟ್ಟಿದ್ದು ಕಡೂರಿಗೇ. ಕೊಬ್ಬರಿ ವ್ಯಾಪಾರದ ಮನೆ. ನಮ್ಮ ಕಡೆ ಯಾರ ಮನೆಯಲ್ಲಿ ಮದುವೆಯಾದರೂ ಮರದ ಸಾಮಾನು ಕೊಳ್ಳುವಾಗ ಅವಳನ್ನು ಮುಂದಿಟ್ಟುಕೊಂಡೇ ಹೋಗುವುದು. ಅಂಗಡಿಯೊಳಗೆ ಕಾಲಿಟ್ಟವಳು ಬೆಲೆ ಕೇಳಲಿಲ್ಲ, ಮರ ಯಾವುದು ಎಂದೂ ಕೇಳಲಿಲ್ಲ. ಚಪ್ಪಲಿ ಬಿಟ್ಟು, ದೊಡ್ಡದೊಂದು ಮಂಚ ಹತ್ತಿ ಮಲಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆಯೂ ಶುರುವಾಯಿತು. ಅಂಗಡಿಯವನು ಮೊದಲು ನಕ್ಕ, ಆಮೇಲೆ ಗಾಬರಿಯಾದ.

"ಸಾರ್, ಅಮ್ಮನೋರಿಗೆ ಹುಷಾರಿಲ್ವಾ? ನೀರು ತರ್ಲಾ?"

ಗಂಗತ್ತೆ ಕಣ್ಣು ಬಿಡದೆಯೇ ಉತ್ತರ ಕೊಟ್ಟಳು. "ಹುಷಾರಾಗೇ ಇದ್ದೀನಿ ಕಣಪ್ಪಾ. ಜೀವಮಾನವೆಲ್ಲಾ ಮಲಗೋ ಮಂಚ, ಒಂದು ಗಳಿಗೆ ಮಲಗಿ ನೋಡ್ಬಾರ್ದಾ? ನೀನು ಫ್ಯಾನ್ ಹಾಕು."

ಆಮೇಲೆ ಬಲಕ್ಕೆ ಹೊರಳಿದಳು, ಎಡಕ್ಕೆ ಹೊರಳಿದಳು. ಮಂಚ ಕಿರ್ರೆಂದಿತು. ಎದ್ದು ಕೂತು ತೀರ್ಪು ಕೊಟ್ಟಳು: "ಮಗ್ಗುಲು ಬದಲಾಯ್ಸಿದ್ರೆ ಊರಿಗೆಲ್ಲಾ ಗೊತ್ತಾಗುತ್ತೆ. ಹೊಸ ಮದುಮಕ್ಳಿಗೆ ಇಂಥದ್ದು ಕೊಡ್ತಾರೇನೋ? ಬೇರೆ ತೋರ್ಸು." ಅಪ್ಪ ಕೆಮ್ಮುತ್ತಾ ರಸ್ತೆಯ ಕಡೆ ಮುಖ ತಿರುಗಿಸಿ ನಿಂತರು. ಆವತ್ತು ಕೊಂಡ ಮಂಚದಲ್ಲಿ ನನ್ನ ತಂಗಿಯ ಮಕ್ಕಳು ಕುಣಿದು ಕುಪ್ಪಳಿಸಿ ದೊಡ್ಡವರಾಗಿದ್ದಾರೆ. ಅದು ಇವತ್ತಿಗೂ ಸದ್ದು ಮಾಡುವುದಿಲ್ಲ.

ಗಂಗತ್ತೆ ನೋಡಲು ಕುಳ್ಳಗೆ, ತುಂಬಿಕೊಂಡ ಮೈ. ನಮ್ಮ ಮನೆಯ ಗಂಡಸರೆಲ್ಲ ಉದ್ದ. ಅವಳೊಬ್ಬಳು ನಮ್ಮ ಅಜ್ಜಿಯನ್ನು ಹೋತವಳು. ಮಾತು ಮಾತ್ರ ಎತ್ತರ. ಕಾಫಿ ಎಂದರೆ ಪ್ರಾಣ. ಯಾರ ಮನೆಗೆ ಹೋದರೂ ಮೊದಲು ಕಾಫಿ, ಆಮೇಲೆ ಸುದ್ದಿ, ಹೊರಡುವಾಗ ಮತ್ತೆ ಕಾಫಿ. ಅವಳ ಮನೆಗೆ ಹೋದವರನ್ನು ಗೇಟಿನವರೆಗೆ ಬಂದು ಎದುರುಗೊಳ್ಳುವುದು, ಹೊರಟಾಗ ರಸ್ತೆ ತಿರುವಿನವರೆಗೆ ಬಂದು ಕಳಿಸುವುದು ಅವಳ ಪದ್ಧತಿ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವಳಿಗೆ ಹೆಣ್ಣುಮಕ್ಕಳಿಲ್ಲದಿದ್ದರೂ ನಾನು ಅವಳ ಬಾಯಲ್ಲಿ ಯಾವತ್ತೂ ಅಳಿಯ.

ಸಾಮಾನು ಕೊಳ್ಳುವುದರಲ್ಲಿ ಅವಳದು ಎಲ್ಲಕ್ಕಿಂತ ದೊಡ್ಡ ಹಟ ಒಂದಿತ್ತು: ಅದನ್ನು ಬಳಸುವವರು ಅಂಗಡಿಗೆ ಬರಲೇಬೇಕು. "ಕೂರೋರು ಬರ್ಲಿ" ಎನ್ನುತ್ತಿದ್ದಳು. ಮದುಮಗಳನ್ನು ಅಂಗಡಿಗೆಲ್ಲ ಕರೆದುಕೊಂಡು ಹೋಗುತ್ತಾರೆಯೇ ಎಂದು ಹಿರಿಯರು ಮುಖ ಸಿಂಡರಿಸಿದರೆ, "ರವಿಕೆ ತೊಡೋದು ಅವ್ಳು, ಅಳತೆ ನಿಂದು ಕೊಡ್ತೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನ್ನ ಮದುವೆಯಾದ ಹೊಸದರಲ್ಲಿ ನನಗೂ ನನ್ನ ಹೆಂಡತಿಗೂ ಊಟದ ಮೇಜು ಕೊಡಿಸುತ್ತೇನೆಂದು ಕರೆದುಕೊಂಡು ಹೋದವಳು, ಕೈಚೀಲದಿಂದ ಕ್ಯಾರಿಯರ್ ತೆಗೆದು, ಅಂಗಡಿಯ ಮೇಜಿನ ಮೇಲೆಯೇ ನಮ್ಮಿಬ್ಬರಿಗೆ ಚಿತ್ರಾನ್ನ ಬಡಿಸಿದಳು. ಮೊಣಕೈ ತಾಗುತ್ತದೋ ಇಲ್ಲವೋ ನೋಡಬೇಕಿತ್ತಂತೆ. ನನ್ನ ಹೆಂಡತಿ ನಾಚಿಕೆಯಿಂದ ತಲೆಯೆತ್ತಲಿಲ್ಲ.

"ಅಮ್ಮಾ, ಇದು ಹೋಟ್ಲಲ್ಲ" ಎಂದ ಅಂಗಡಿಯವನು.

"ಗೊತ್ತು ಕಣಪ್ಪಾ. ಹೋಟ್ಲಾಗಿದ್ರೆ ಹೆಂಗಿದ್ರೂ ತಿಂದು ಎದ್ದೋಗ್ತಿದ್ವಿ. ಈ ಮೇಜು ಇವ್ರ ಜೊತೆ ಮನೆಗೆ ಬರ್ಬೇಕು. ತಗೋ, ನೀನೂ ಒಂದು ತುತ್ತು ತಿನ್ನು."

ಅವನು ತಿಂದ. ಅಂಗೈ ನೆಕ್ಕಿಕೊಂಡು ಬೆಲೆಯನ್ನೂ ಇಳಿಸಿದ.

ಬರಲಾಗದವರಿಗೆ ಅವಳ ಬಳಿ ಬೇರೆ ಉಪಾಯವಿತ್ತು. ಒಮ್ಮೆ ಸಿಂಗಟಗೆರೆಯ ಪರಿಚಯದವರೊಬ್ಬರು ತಾಯಿಗೆ ಕುರ್ಚಿ ಬೇಕು, ನೀವೂ ಬನ್ನಿ ಎಂದು ಕರೆಯಲು ಬಂದರು. ಗಂಗತ್ತೆ ಕೇಳಿದ ಮೊದಲ ಪ್ರಶ್ನೆ: "ಅವ್ವ ಎಲ್ಲಿ?" ಅವರಿಗೆ ಬಸ್ಸು ಹತ್ತಲು ಆಗುವುದಿಲ್ಲ ಎಂದಾಗ, "ಹಂಗಾದ್ರೆ ಮೊದ್ಲು ಊರಿಗೆ ಹೋಗಿ, ಅವ್ವನ ಹಿಮ್ಮಡಿಯಿಂದ ಮಂಡಿ ಹಿಂದಿನ ಮಡಿಕೆವರೆಗೂ ಒಂದು ದಾರ ಹಿಡಿದು ಕತ್ತರಿಸ್ಕೊಂಡು ಬನ್ನಿ. ದಾರ ಇಲ್ದೆ ನಾನು ಬರಲ್ಲ" ಎಂದು ಅವರನ್ನು ಹಿಂದಕ್ಕೆ ಕಳಿಸಿದಳು. ಆತ ಗೊಣಗುತ್ತಾ ಹೋಗಿ, ಮುಂದಿನ ಸಂತೆಯ ದಿನ ದಾರ ತಂದರು. ಗಂಗತ್ತೆ ಆ ದಾರವನ್ನು ಕುರ್ಚಿ ಕುರ್ಚಿಗೂ ನೆಲದಿಂದ ಕೂರುವ ಜಾಗದವರೆಗೆ ಹಿಡಿದು ನೋಡಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕಂಡಿದ್ದೇನೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನಗೆ ಗೊತ್ತಿರಲಿಲ್ಲ ಎನ್ನುವ ದಾರಿಯೇ ನನಗಿಲ್ಲ.

ನಾನೀಗ ತರೀಕೆರೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಮಂಡಿನೋವಿನ ಮುಲಾಮು, ಮಂಡಿಗೆ ಕಟ್ಟುವ ಬೆಲ್ಟು ದಿನಾ ಮಾರುತ್ತೇನೆ. ಗಂಗತ್ತೆಯ ಮಂಡಿ ಸವೆದು ನಡಿಗೆ ಕಷ್ಟವಾದಾಗ ಅವನ್ನೆಲ್ಲ ಕಡೂರಿಗೆ ಒಯ್ದು ಕೊಡುತ್ತಿದ್ದವನೂ ನಾನೇ. ಅವಳು ಎಲ್ಲರ ಮನೆಗೂ ಆರಿಸಿಕೊಟ್ಟಳು, ಅವಳಿಗೆಂದು ಯಾರೂ ಒಂದು ಕುರ್ಚಿ ತರಲಿಲ್ಲವಲ್ಲ ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ದಿನ ತರೀಕೆರೆಯ ಅಂಗಡಿಯೊಂದರಲ್ಲಿ ತೇಗದ ಆರಾಮ ಕುರ್ಚಿ ಕಣ್ಣಿಗೆ ಬಿತ್ತು. ಅಗಲವಾದ ಕೈ, ಹಿಂದಕ್ಕೆ ಬಾಗಿದ ಒರಗು, ಬೆತ್ತದ ಹೆಣಿಗೆ. ಅತ್ತೆ ಕಲಿಸಿದಂತೆ ಬೋರಲು ಹಾಕಿ ನೋಡಿದೆ. ಅಲುಗಾಡಿಸಿದೆ, ಮೂಸಿದೆ. ಅಂಗಡಿಯವನ ಕೈಯಲ್ಲಿ ಕಾಫಿ ತರಿಸಿ, ಅದು ಮುಗಿಯುವವರೆಗೂ ಕೂತೆ. ಒಂದು ಚೂರೂ ಊನವಿರಲಿಲ್ಲ. ಅವಳನ್ನು ಕರೆಸಬಹುದಿತ್ತು, ಕಾರು ಮಾಡಿದ್ದರೆ ಎಷ್ಟು ಹೊತ್ತಿನ ದಾರಿ? ದಾರವನ್ನಾದರೂ ತರಿಸಬಹುದಿತ್ತು. ಆದರೆ ನನಗೆ ಅವಳನ್ನು ಬೆರಗುಗೊಳಿಸಬೇಕಿತ್ತು. ಭೇಷ್ ಅಳಿಯ ಎಂದು ಅವಳ ಬಾಯಲ್ಲಿ ಅನ್ನಿಸಿಕೊಳ್ಳುವ ಆಸೆ. ಕುರ್ಚಿ ಕೊಂಡದ್ದು ಅವಳಿಗೋ ಈ ಹೊಗಳಿಕೆಗೋ ಎಂದು ಈಗ ಕೇಳಿಕೊಂಡರೆ ಮುಖಕ್ಕೆ ಹೊಡೆದ ಹಾಗಾಗುತ್ತದೆ.

ಲಗೇಜ್ ಆಟೋದಲ್ಲಿ ಹಾಕಿಸಿ, ಬೀರೂರು ದಾಟಿ, ಕಡೂರಿನ ಅವಳ ಮನೆ ಮುಂದೆ ಇಳಿಸಿದೆ. ಗಂಗತ್ತೆ ಗೋಡೆ ಹಿಡಿದುಕೊಂಡು ಬಂದಳು. ಕುರ್ಚಿಯನ್ನು ಬೋರಲು ಹಾಕಿಸಿದಳು, ತಟ್ಟಿದಳು, ಮೂಸಿದಳು. ಆಮೇಲೆ ನನ್ನ ಮುಖ ನೋಡಿದಳು. ಯಾಕೋ ಕುರ್ಚಿಗಿಂತ ಹೆಚ್ಚು ಹೊತ್ತು ನನ್ನ ಮುಖವನ್ನೇ ನೋಡಿದಳು. ಮೆಲ್ಲಗೆ ಕೂತಳು. ಹಿಂದಕ್ಕೆ ಒರಗಿದಾಗ ಅವಳ ಪಾದ ನೆಲಕ್ಕೆ ಮುಟ್ಟಲಿಲ್ಲ.

"ಚೆನ್ನಾಗೈತೆ ಕಣೋ ಅಳಿಯ. ಮೂರು ತಲೆಮಾರು ಕೂರ್ಬಹುದು."

ನಾನು ಉಬ್ಬಿಹೋದೆ. "ಏನತ್ತೆ, ಸ್ಕೂಲ್ ಹುಡುಗಿ ಥರ ಕಾಲಾಡಿಸ್ತಾ ಕೂತಿದ್ದೀಯಲ್ಲ!" ಎಂದು ರೇಗಿಸಿದೆ. ಅವಳೂ ನಕ್ಕಳು.

ಅಲ್ಲಿಂದಾಚೆಗೆ ನಾನು ಹೋದಾಗಲೆಲ್ಲ ಗಂಗತ್ತೆ ಅದೇ ಕುರ್ಚಿಯಲ್ಲಿರುತ್ತಿದ್ದಳು. ಬೀರೂರು ದಾಟುವಾಗ ಫೋನ್ ಮಾಡುವುದು ನನ್ನ ಅಭ್ಯಾಸ. ನಾನು ಗೇಟು ತೆಗೆಯುವ ಹೊತ್ತಿಗೆ ಅವಳು ರಾಣಿಯ ಹಾಗೆ ಕೂತಿರುತ್ತಿದ್ದಳು. ಎದುರುಗೊಳ್ಳಲು ಬರುವುದು, ಕಳಿಸಿಕೊಡುವುದು ಎರಡೂ ನಿಂತವು. "ಏಳಲ್ಲ ಕಣೋ, ಈ ಕುರ್ಚಿ ಬಿಟ್ಟೇಳೋಕೆ ಮನಸ್ಸಿಲ್ಲ" ಎನ್ನುತ್ತಿದ್ದಳು. ಅವಳ ಸೊಸೆ ಸುಧಾ ನನಗೆ ಕಾಫಿ ತಂದರೆ ಅತ್ತೆ ಮಾತ್ರ ಈಗ ಬೇಡ ಎಂದು ಕೈಯಾಡಿಸುತ್ತಿದ್ದಳು. ವಯಸ್ಸಾಯಿತು, ಬಾಯಿರುಚಿ ಹೋಗಿರಬೇಕು ಎಂದುಕೊಂಡೆ. ನಾನಂತೂ ಆರಾಮವಾಗಿ ಊಟ ಮಾಡಿ, ಅಜ್ಜಂಪುರದ ಈರುಳ್ಳಿ ರೇಟಿನಿಂದ ಹಿಡಿದು ಬುಕ್ಕಾಂಬುಧಿಯ ನೆಂಟರ ಜಗಳದವರೆಗೂ ಹರಟಿ, ಬಿಸಿಲು ಇಳಿದ ಮೇಲೆ ಏಳುತ್ತಿದ್ದೆ. ಔಷಧಿ ಅಂಗಡಿಗೆ ಬಂದವರಿಗೆಲ್ಲ ನಮ್ಮತ್ತೆಗೆ ಕೊಡಿಸಿದ ಕುರ್ಚಿಯ ಕಥೆ ಹೇಳುತ್ತಿದ್ದೆ.

ಒಂದು ಸಲ ಔಷಧಿ ಸರಬರಾಜಿನವರ ಹತ್ತಿರ ಕೆಲಸವಿದ್ದು ಕಡೂರಿಗೆ ಹೋದವನು ಫೋನ್ ಮಾಡದೆ ಅತ್ತೆಯ ಮನೆಗೆ ನುಗ್ಗಿದೆ. ನಡುಮನೆಯಲ್ಲಿ ಆರಾಮ ಕುರ್ಚಿಯ ತುಂಬ ಒಗೆದ ಬಟ್ಟೆ ಪೇರಿಸಿತ್ತು. ಗಂಗತ್ತೆ ಅಡುಗೆಮನೆ ಬಾಗಿಲಲ್ಲಿ, ಒಂದರೊಳಗೊಂದು ಸೇರಿಸಿದ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದಳು. ಪಾದಗಳು ಮರದ ಮಣೆಯೊಂದರ ಮೇಲೆ ಊರಿದ್ದವು, ಕೈಯಲ್ಲಿ ದೊಡ್ಡ ಲೋಟದ ತುಂಬ ಕಾಫಿ. ನನ್ನನ್ನು ನೋಡಿದವಳೇ ಲೋಟವನ್ನು ಸೆರಗಿನ ಮರೆಗೆ ಸರಿಸಿ, "ಸುಧಾ, ಬಟ್ಟೆ ತೆಗಿಯಮ್ಮ, ನನ್ನ ಅಲ್ಲಿಗೆ ಕೂರ್ಸು" ಎಂದು ತಡಬಡಿಸಿದಳು.

"ಸಾಕು ಬಿಡಿ ಅತ್ತೆ" ಎಂದಳು ಸುಧಾ. ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಆ ಕುರ್ಚೀಲಿ ಅವ್ರಿಗೆ ಕಾಲು ನೆಲಕ್ಕೆ ಸಿಗಲ್ಲ, ತಾವಾಗೇ ಏಳೋಕಾಗಲ್ಲ. ನಿಮ್ಮ ಫೋನ್ ಬಂದ್ರೆ ನಾವು ಕೂರ್ಸ್ತೀವಿ. ನೀವು ಹೋದ್ಮೇಲೆ ಪಕ್ಕದ್ಮನೆಯೋರನ್ನ ಕರ್ದು ಇಬ್ರು ಹಿಡ್ದು ಎಬ್ಬಿಸ್ತೀವಿ. ಮಧ್ಯ ಬಚ್ಚಲಿಗೆ ಏಳಂಗಿಲ್ಲ ಅಂತ ಬೆಳಿಗ್ಗೆಯಿಂದ್ಲೇ ಕಾಫಿ ನೀರು ಮುಟ್ಟಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎಷ್ಟೊಂದು ಮಧ್ಯಾಹ್ನಗಳನ್ನು ನಾನು ಅಲ್ಲಿ ಹರಟಿ ಕಳೆದಿದ್ದೆ! ಇವತ್ತೇ ಬೇರೆ ಕುರ್ಚಿ ತರುತ್ತೇನೆ ಎಂದು ಎದ್ದೆ. ಗಂಗತ್ತೆ ನನ್ನ ಕೈ ಹಿಡಿದು ಕೂರಿಸಿದಳು.

"ಆ ಕುರ್ಚೀಲಿ ಒಂದು ತಪ್ಪು ಹೇಳು ನೋಡೋಣ. ಇಲ್ಲ. ಎಲ್ಲಾ ಸರಿಯಾಗೇ ನೋಡಿದ್ದೀಯ. ನನ್ನೊಬ್ಬಳನ್ನ ನೋಡ್ಲಿಲ್ಲ, ಅಷ್ಟೇ ಕಣೋ."

ಬೈದಿದ್ದರೆ ಚೆನ್ನಾಗಿತ್ತು. ಅವಳು ನಗುನಗುತ್ತಲೇ ಹೇಳಿದಳು.

ಸುಧಾಳಿಂದ ಹೂ ಕಟ್ಟುವ ದಾರ ಇಸಿದುಕೊಂಡು, ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತು, ಹಿಮ್ಮಡಿಯಿಂದ ಮಂಡಿಯ ಮಡಿಕೆಯವರೆಗೆ ಅಳೆದೆ. ಕಾಲು ಊದಿಕೊಂಡಿತ್ತು. ಎಷ್ಟು ಗಿಡ್ಡ ದಾರ! "ಕಚಗುಳಿ ಇಡಬೇಡ್ವೋ" ಎಂದು ಅವಳು ಕಾಲೆಳೆದುಕೊಂಡು, ಉಳಿದ ಕಾಫಿಯನ್ನು ನನ್ನೆದುರಿಗೇ ನಿಧಾನವಾಗಿ ಕುಡಿದಳು. "ಈ ಸಲ ನಾನೇ ಅಂಗಡಿಗೆ ಬತ್ತೀನಿ. ಹಬ್ಬ ಕಳೀಲಿ" ಎಂದಳು. ನಾನು ಹೊರಟಾಗ ಸುಧಾಳ ಭುಜ ಹಿಡಿದು ಬಾಗಿಲವರೆಗೆ ನಡೆದು ಬಂದು ಕಳಿಸಿಕೊಟ್ಟಳು. ಅದೇ ಕೊನೆ. ಹಬ್ಬಕ್ಕೆ ಮೊದಲೇ, ಒಂದು ಬೆಳಿಗ್ಗೆ ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ದಾರ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಹಾಗೇ ಇತ್ತು. ಹಬ್ಬದವರೆಗೆ ಯಾಕೆ ಕಾದೆ? ಅಂಗಡಿಯಲ್ಲಿ ವ್ಯಾಪಾರ ಜೋರಿತ್ತು, ಅಷ್ಟೆ.

ಕಾರ್ಯವೆಲ್ಲ ಮುಗಿದ ಮೇಲೆ ಸುಧಾ ಕುರ್ಚಿಯನ್ನು ತರೀಕೆರೆಗೆ ಕಳಿಸಿಬಿಟ್ಟಳು. ನಿಮ್ಮ ಹತ್ತಿರವೇ ಇರಲಿ ಅಣ್ಣಾ ಎಂದಳು. ಮಾರಲು ಮನಸ್ಸಾಗಲಿಲ್ಲ. ಈಗ ಅದು ನಮ್ಮ ಜಗಲಿಯಲ್ಲಿದೆ. ಒಂದು ಕೀಲು ಸಡಿಲವಾಗಿಲ್ಲ, ಬೆತ್ತ ಜೋತಿಲ್ಲ. ನಾನು ಕೂತರೆ ಪಾದ ಎರಡೂ ನೆಲದ ಮೇಲೆ ಸಮನಾಗಿ ಊರುತ್ತವೆ, ಬೆನ್ನು ಸರಿಯಾಗಿ ಒರಗುತ್ತದೆ, ಏಳುವುದೂ ಸಲೀಸು. ಮನೆಗೆ ಬಂದವರು ಅದರ ಕೈ ಸವರಿ ನೋಡುತ್ತಾರೆ, ಎಲ್ಲಿ ತಗೊಂಡ್ರಿ ಎಂದು ವಿಚಾರಿಸುತ್ತಾರೆ.

"ನಿಮಗೇ ಹೇಳಿ ಮಾಡಿಸ್ದಂಗಿದೆ ಕಣ್ರೀ" ಎನ್ನುತ್ತಾರೆ.

ಹೌದು ಎನ್ನುತ್ತೇನೆ.