ಹರಿದ ಬೂಟು, ಕಾರಿನ ಕೀಲಿ

ನಾನು ಕಾರು ಓಡಿಸಲು ಕಲಿತದ್ದು ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ. ಲೈಸೆನ್ಸ್ ಬಂದ ದಿನ ಗಂಡ ಕೀಲಿ ಕೊಟ್ಟರು ನಿಜ, ಆದರೆ ಕೊಟ್ಟ ರೀತಿಯಲ್ಲೇ ನನಗೆ ಅನುಮಾನ ಬಂತು. ಇವರು ಅದನ್ನು ವಾಪಸ್ ಕಿತ್ತುಕೊಳ್ಳಲು ನೆಪ ಹುಡುಕುತ್ತಾರೆ ಅನ್ನಿಸಿತು. ಅಂದಿನಿಂದ ನಾನು ಎಲ್ಲಿಗೆ ಹೋಗಿ ಬಂದರೂ ಇವರು ಗೇಟಿನ ಹತ್ತಿರ ಹಾಜರು. ಬಂಪರಿಗೆ ಎಲ್ಲಿ ಗೀರು ಬಿದ್ದಿದೆ ಅಂತ ನೋಡುವುದಕ್ಕೇ ಇರಬೇಕು, ಇನ್ನೇನು!

ನೆಪ ತಾನಾಗಿಯೇ ಸಿಕ್ಕಿತು. ಜೆ.ಪಿ. ನಗರದ ನಮ್ಮ ಬೀದಿಗೆ ತಿರುಗುವಾಗ ಮುಂದಿನ ಎಡಚಕ್ರ ಕಟಕಟ ಅನ್ನತೊಡಗಿತು. ಗೇಟಿನ ಹತ್ತಿರವಿದ್ದ ಇವರು ಬಗ್ಗಿ ನೋಡಿದರು. ಚಕ್ರದ ಒಳಬದಿಗೆಲ್ಲ ಕಪ್ಪು ಗ್ರೀಸ್ ಎರಚಿತ್ತು.

"ಆಕ್ಸಲ್ ಬೂಟ್ ಹರಿದಿದೆ. ಹಂಪ್ ನೋಡಲ್ಲ, ಹಳ್ಳ ನೋಡಲ್ಲ, ಇನ್ನೇನಾಗತ್ತೆ? ಸ್ವಲ್ಪ ದಿನ ಆಟೋದಲ್ಲೇ ಓಡಾಡು," ಅಂದರು.

ಎಂಜಿನ್ನಿನ ಕಡೆಯಿಂದ ಚಕ್ರಕ್ಕೆ ಹೋಗುವ ದಂಡದ ತುದಿಯಲ್ಲಿ, ಜಾಯಿಂಟಿನ ಸುತ್ತ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಚೀಲ ಇರುತ್ತದೆ. ಅದೇ ಬೂಟು. ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಬೊಮ್ಮನಹಳ್ಳಿಯ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ ಇದನ್ನು ನನಗೆ ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಹೇಳಿದರು. ಸಿಟ್ಟು ನೆತ್ತಿಗೇರಿತು.

ಇವರು ಗ್ಯಾರೇಜಿಗೆ ಬಿಡುತ್ತೇನೆ ಅಂದಾಗ ನಾನು ಒಪ್ಪಲಿಲ್ಲ. ಗ್ಯಾರೇಜಿನವನು ಇವರ ಗೆಳೆಯ. "ಮೇಡಂ ಡ್ರೈವಿಂಗೇ ಕಾರಣ ಸಾರ್" ಅಂತ ಅವನ ಬಾಯಲ್ಲಿ ಒಂದು ಮಾತು ಹೇಳಿಸಿಬಿಟ್ಟರೆ ನನ್ನ ಕಥೆ ಮುಗಿಯಿತು.

"ನಿಮಗೇ ಬರತ್ತಲ್ಲ? ಇಲ್ಲೇ ಬಿಚ್ಚಿ, ನನ್ನ ಕಣ್ಣೆದುರಿಗೆ," ಅಂದೆ.

ಭಾನುವಾರ ಹೊಸ ಬೂಟು ತಂದು, ಜಾಕ್ ಏರಿಸಿ, ಚಕ್ರ ಬಿಚ್ಚಿದರು. ಬಿಚ್ಚಿದವರು ಒಳಗೆ ಇಣುಕಿ ಹಾಗೇ ಕೂತುಬಿಟ್ಟರು. ಆಮೇಲೆ, "ಒಳಗೆ ಹೋಗು, ಸೀರೆಗೆ ಗ್ರೀಸ್ ಆಗತ್ತೆ," ಅಂದರು. ನಾನು ಕದಲಲಿಲ್ಲ. "ಕಾಫಿ ಆದ್ರೂ ಮಾಡೇ." ಪಕ್ಕದಲ್ಲಿದ್ದ ಫ್ಲಾಸ್ಕ್ ತೋರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರಿಗೆ ನಾನು ಏನನ್ನೂ ಅಂದಿರಲೇ ಇಲ್ಲ.

ದಂಡದ ಸುತ್ತ ಏನೋ ಸುತ್ತಿಕೊಂಡಿತ್ತು. ಬಿಡಿಸಿದ್ದೇ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡರು.

"ಏನದು?"

"ಕಸ. ರೋಡಲ್ಲಿ ಸಿಕ್ಕಿರತ್ತೆ."

ಮುಷ್ಟಿ ಬಿಡಿಸಿ ನೋಡಿದೆ. ಹಸಿರು ಪ್ಲಾಸ್ಟಿಕ್ ಹೊದಿಕೆಯ ತಂತಿ, ನಮ್ಮ ತಾರಸಿಯ ತೊಂಡೆ ಚಪ್ಪರಕ್ಕೆ ಬಿಗಿದಿದ್ದೇ. ಅದರಲ್ಲಿ ಪೋಣಿಸಿದ ಎರಡು ಒಣಮೆಣಸಿನಕಾಯಿ ತೊಟ್ಟು, ಕರಿಗಟ್ಟಿದ ಒಂದು ನಿಂಬೆಹಣ್ಣಿನ ಚೂರು. ತಂತಿಯ ಮೊನೆ ಚಕ್ರ ತಿರುಗಿದಾಗಲೆಲ್ಲ ಬೂಟನ್ನು ಕೊಯ್ದಿತ್ತು.

ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಗಾಡಿ ಕಂಡರೆ ಸಾಕು, "ಉಪ್ಪಿನಕಾಯಿ ಹಾಕೋಕೆ ಹೊರಟಿದ್ದಾರೆ" ಅಂತ ಗೇಲಿ ಮಾಡುವ ಮನುಷ್ಯ ಇವರೇ.

"ನೀವೇ ಕಟ್ಟಿದ್ದಾ?"

"ಲೈಸೆನ್ಸ್ ಬಂತಲ್ಲ, ಅವತ್ತು. ಮುಂದೆ ಕಟ್ಟಿದ್ರೆ ನೀನು ನಗ್ತಿದ್ದೆ. ಅದಕ್ಕೇ ಚಕ್ರದ ಹಿಂದೆ, ಕಾಣದ ಹಾಗೆ."

"ಅಷ್ಟೊಂದು ಅಪನಂಬಿಕೆನಾ ನನ್ ಮೇಲೆ?"

"ನಿನ್ ಮೇಲಲ್ಲ ಕಣೇ. ಭಯ. ನೀನು ಒಬ್ಳೇ ಹೊರಟ್ರೆ ಮನೆ ಒಳಗೆ ಕೂರಕ್ಕಾಗಲ್ಲ ನಂಗೆ."

ರೇಗಬೇಕೆಂದುಕೊಂಡಿದ್ದವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಇವರ ಪಕ್ಕದಲ್ಲಿಟ್ಟೆ. ಇವರು ತಲೆ ಎತ್ತದೆ ಜಾಯಿಂಟ್ ಒರೆಸಿದರು, ಹೊಸ ಗ್ರೀಸ್ ತುಂಬಿ, ಹೊಸ ಬೂಟು ತೊಡಿಸಿ, ಕ್ಲಿಪ್ ಬಿಗಿದರು. ಮಣ್ಣು ಹೆಚ್ಚು ಹೋಗಿರಲಿಲ್ಲವಂತೆ, ಜಾಯಿಂಟ್ ಉಳಿದಿತ್ತು. ಬೀದಿ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದೆ. ಸದ್ದಿಲ್ಲ. ಆಟೋದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ಅರೆಕೆರೆಯಲ್ಲಿರುವ ಅಕ್ಕನ ಮನೆಗೆ ಒಬ್ಬಳೇ ಹೊರಟೆ. ಹೊರಡುವ ಮೊದಲು ಚಕ್ರದ ಹಿಂದೆ ಕೈಹಾಕಿ ತಡವಿ ನೋಡಿದೆ. ಇವರನ್ನು ನಂಬುವ ಹಾಗಿಲ್ಲ.

ಸಂಜೆ ವಾಪಸ್ ಬಂದಾಗ ಎಂದಿನಂತೆ ಗೇಟಿನ ಹತ್ತಿರ ನಿಂತಿದ್ದರು. ಈ ಸಲ ನಾನು ಅವರ ಕಣ್ಣನ್ನೇ ಗಮನಿಸಿದೆ. ಬಂಪರಿನ ಕಡೆ ಅದು ಹೋಗಲೇ ಇಲ್ಲ.